ಡಬ್ಬಿಯ ಹಿಂಬದಿಯ ಸಾಲು

ಒಂದು ತಿಂಗಳಿಂದ ನನ್ನ ಮೇಜಿನ ಮೇಲೆ ನೀಲಿ ಡಬ್ಬಿಯೊಂದು ಕೂತಿತ್ತು. ಮುಚ್ಚಳದ ಮೇಲೊಂದು ಅಲೆಯ ಚಿತ್ರ, ಒಳಗೆ ಒಂದು ಚಮಚವಷ್ಟೇ ಕಡಿಮೆಯಾದ ಬಿಳಿ ಪುಡಿ. ಬಿಸಾಡೋಣವೆಂದು ಎತ್ತಿಕೊಳ್ಳುತ್ತಿದ್ದೆ, ಮತ್ತೆ ಅಲ್ಲೇ ಇಡುತ್ತಿದ್ದೆ. ದಣಿವೆಂದರೆ ಇದೇ ಇರಬೇಕು ಗೆಳೆಯರೇ, ಒಂದು ಡಬ್ಬಿಯನ್ನೂ ಬಿಸಾಡಲಾಗದಿರುವುದು.

ಅದು ನನ್ನ ಸೋದರತ್ತೆ ನಂಜಮ್ಮನದು. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟೇ ಮುದುಕಿಯಾದವಳು. ಹರೆಯದಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಿದ್ದಳಂತೆ. ಬೆಂದ ಹುಳುವಿನ ಹಬೆಗೆ ಮೈಯೆಲ್ಲ ದದ್ದೆದ್ದು ಉಬ್ಬಸ ಬರುತ್ತಿದ್ದುದರಿಂದ ಅದನ್ನು ಬಿಟ್ಟು ಮಗ್ಗಕ್ಕೆ ಬಂದಳು. ಸೀರೆ ಕೊಳ್ಳಲು ಬಂದವರೊಬ್ಬರು ಅವಳ ಮಂಡಿನೋವು ಕಂಡು ಮರುಗಿ ಈ ಡಬ್ಬಿ ಕೊಟ್ಟುಹೋದರು. ಮನೆಯಲ್ಲಿ ಕಾಲೇಜು ಕಂಡವನು ನಾನೊಬ್ಬನೇ ಆದ್ದರಿಂದ ಓದಿ ಹೇಳೆಂದು ಅದನ್ನು ನನ್ನ ಕೈಗಿಟ್ಟಳು.

"ಏನೈತ್ಲಾ ಇದ್ರೊಳಗೆ?"

ಕಡಲಜೀವಿಗಳಿಂದ ತೆಗೆದ ಆ್ಯಂಟಿಆಕ್ಸಿಡೆಂಟ್ ಪೆಪ್ಟೈಡು ಎಂದಿತ್ತು. ಪ್ರೋಟೀನು ಉದ್ದನೆಯ ಎಳೆಯಾದರೆ ಪೆಪ್ಟೈಡು ಅದರ ತುಂಡು, ಕಬ್ಬಿಣಕ್ಕೆ ತುಕ್ಕು ಹಿಡಿದಂತೆ ಉಸಿರಾಡುತ್ತ ಉಸಿರಾಡುತ್ತಲೇ ಸವೆಯುವ ದೇಹಕ್ಕೆ ಇಂಥ ತುಂಡುಗಳು ಆಸರೆಯಾದಾವೇ ಎಂದು ವಿಜ್ಞಾನಿಗಳು ಇನ್ನೂ ಹುಡುಕುತ್ತಿದ್ದಾರೆ ಎಂದೆಲ್ಲ ಬಿಡಿಸಿ ಹೇಳಿದೆ. ಹಿಂಬದಿಯಲ್ಲಿ ಸಣ್ಣಕ್ಷರದ ಇನ್ನೊಂದು ಸಾಲಿತ್ತು: ಸಿಗಡಿಯಿಂದ ತಯಾರಿಸಿದ್ದು. ಅದನ್ನು ಅವಳಿಗೆ ಓದಿ ಹೇಳಲಿಲ್ಲ. ಮೀನಿನ ಹೆಸರೆತ್ತಿದರೆ ಬಾಯಿ ಮುಕ್ಕಳಿಸುವ ಮನೆ ಅದು. ನೋವು ಹೋದರೆ ಸಾಕು, ಅವಳ ಮನಸ್ಸೇಕೆ ಕೆಡಿಸಲಿ ಎಂದುಕೊಂಡೆ.

"ಸಮುದ್ರದ ಪಾಚಿ ಥರಾ ಅತ್ತೆ."

"ಅಂಗಾದ್ರೆ ಉಪ್ಪಿನ ತಮ್ಮ ಅನ್ನು," ಎಂದು ನಕ್ಕು ಹಾಲಿಗೆ ಕದಡಿ ಕುಡಿದಳು.

ಕಾಲು ಗಂಟೆಯಲ್ಲಿ ಅವಳ ತುಟಿ ಊದಿತು, ದನಿ ಅಡಗಿತು. ಆಟೋದಲ್ಲಿ ನನ್ನ ಅಂಗಿಯನ್ನು ಹಿಡಿದ ಆ ಮುಷ್ಟಿ, ಒಳಗೆ ಹೋಗಲು ದಾರಿ ಸಿಗದೆ ಸಿಳ್ಳೆ ಹಾಕುತ್ತಿದ್ದ ಆ ಉಸಿರು ಈಗಲೂ ಮಗ್ಗದ ಸದ್ದು ನಿಂತ ಕೂಡಲೇ ನನಗೆ ಕೇಳಿಸುತ್ತದೆ. ಚುಚ್ಚುಮದ್ದು ಕೊಟ್ಟ ಡಾಕ್ಟರು, "ಸಿಗಡಿ, ಏಡಿ ಏನಾದ್ರೂ ತಿಂದ್ರಾ?" ಎಂದರು. ಜೊತೆಗೆ ಬಂದಿದ್ದ ಮಾವ ಸಿಡುಕಿದ: "ನಾವು ಅದನ್ನೆಲ್ಲ ಮುಟ್ಟೋ ಜನ ಅಲ್ಲ ಸಾ!" ನಾನು ಡಾಕ್ಟರಿಗೆ ಮಾತ್ರ ಕೇಳುವಂತೆ, ಇಂಗ್ಲಿಷಿನಲ್ಲಿ, ನಿಜ ಹೇಳಿದೆ, ಗೂಡಿನ ಹಬೆಗೆ ಬರುತ್ತಿದ್ದ ಹಳೆಯ ಉಬ್ಬಸದ ವಿಷಯವನ್ನೂ. ರೇಷ್ಮೆಹುಳು ಒಗ್ಗದವರಿಗೆ ಕೆಲವೊಮ್ಮೆ ಸಿಗಡಿಯೂ ಒಗ್ಗುವುದಿಲ್ಲ ಎಂದರು ಅವರು. ಹುಳುವನ್ನು ಬೇಯಿಸಿ ತೆಗೆದ ನೂಲು ನಮಗೆ ಮಡಿ, ಕಡಲ ಹುಳು ಮೈಲಿಗೆ. ಅವಳ ಮೈ ಮಾತ್ರ ಎರಡನ್ನೂ ನೆಂಟರೆಂದು ಗುರುತಿಸಿತ್ತು.

ಡಾಕ್ಟರು ಕೇಳಿದ ಸಿಗಡಿಯ ಪ್ರಶ್ನೆ ಅವಳ ತಲೆಯಲ್ಲಿ ಉಳಿದಿತ್ತೇನೋ, ನಿನ್ನೆ ಅತ್ತೆ ಬಂದು ಡಬ್ಬಿ ಎತ್ತಿಕೊಟ್ಟಳು. "ಓದ್ಲಾ. ಇಂದ್ಗಡೇದೂ."

ಓದಿದೆ, ಸಿಗಡಿಯನ್ನೂ ಬಿಡದೆ.

"ಅವತ್ತೂ ಇದೇ ಇತ್ತಾ?"

"ಇತ್ತು ಅತ್ತೆ."

ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು. "ಕುಡೀತಿದ್ನೋ ಬಿಡ್ತಿದ್ನೋ, ಅದು ನನ್ನ ಗಂಟಲು ಕಣ್ಲಾ."

ಪುಡಿಯನ್ನು ಬಚ್ಚಲಿಗೆ ಸುರಿದು, ಡಬ್ಬಿ ತೊಳೆದು, ಒರೆಸಿ, ಲಾಳಿಗೆ ಹಾಕುವ ನೂಲಿನ ಕಂಡಿಕೆಗಳನ್ನು ಅದರೊಳಗೆ ಜೋಡಿಸಿದಳು. ಆಮೇಲೆ ಮಗ್ಗದ ಪಕ್ಕದಲ್ಲಿಟ್ಟು, ನಾನು ಕೂರುವ ಜಾಗದ ಕಡೆಗೆ ಆ ಸಣ್ಣ ಸಾಲು ಕಾಣುವಂತೆ ತಿರುಗಿಸಿದಳು.