ಗದಗಿನ ಬೈಪಾಸ್

ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತೇನೆ. ಆ ಭೂಗೋಳವನ್ನು ನಾನು ಕಣ್ಣಾರೆ ನೋಡಿದ್ದು ಮಾತ್ರ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಸ್ಸಿನ ಕಿಟಕಿಯಿಂದ. ಬೈರಿದೇವರಕೊಪ್ಪದಲ್ಲಿ ಹತ್ತುವುದು, ಧಾರವಾಡದಲ್ಲಿ ಇಳಿಯುವುದು, ಕರಿಹಲಗೆಯ ಮೇಲೆ ಆಂಡೀಸ್ ಪರ್ವತವನ್ನೂ ಅಮೆಜಾನ್ ನದಿಯನ್ನೂ ಬರೆಯುವುದು, ಸಂಜೆ ಮತ್ತೆ ಅದೇ ಬಸ್ಸು. ಸುಣ್ಣಕಲ್ಲಿನ ಗುಹೆಯ ಪಾಠ ಬಂದಾಗ ನನಗೆ ಎಲ್ಲಿಲ್ಲದ ಹುಮ್ಮಸ್ಸು. ಮೇಲಿನಿಂದ ಇಳಿಯುವ ಸುಣ್ಣದ ತೊಂಗಲುಗಳು, ಕೆಳಗಿನಿಂದ ಏಳುವ ಕಂಬಗಳು, ಎರಡೂ ಕೂಡುವುದಕ್ಕೆ ಬೇಕಾಗುವ ಸಾವಿರಾರು ವರ್ಷ, ಇದನ್ನೆಲ್ಲ ಕೈಬೀಸಿ ಹೇಳುತ್ತೇನೆ. ಯಾರಾದರೊಬ್ಬ ಹುಡುಗಿ ಎದ್ದು ನಿಂತು ಕೇಳಿಯೇ ಕೇಳುತ್ತಾಳೆ: "ಟೀಚರ್, ನೀವು ನೋಡೀರೇನ್ರಿ?" ಇಲ್ಲ ಎಂದರೆ ಇಡೀ ಕ್ಲಾಸಿಗೆ ನನ್ನ ಮೇಲೆ ಕನಿಕರ ಹುಟ್ಟುತ್ತದೆ. ಮಕ್ಕಳ ಕನಿಕರದಷ್ಟು ಮುಜುಗರದ್ದು ಇನ್ನೊಂದಿಲ್ಲ.

ಒಂದು ಮಳೆಗಾಲದಲ್ಲಿ ಮೊಣಕಾಲು ಊದಿಕೊಂಡಿತು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಸವದು ಹೋಗೇತ್ರಿ ಮೇಡಂ. ಬ್ಯಾಸಗಿ ರಜಾದಾಗ ಆಪರೇಷನ್ ಮಾಡೋಣ. ಆಮ್ಯಾಲ ನಡ್ಯಾಕ ತೊಂದ್ರಿ ಇಲ್ಲ. ಆದ್ರ ಗುಡ್ಡಾ ಹತ್ತೋದು, ಕಡಿದಾದ ಮೆಟ್ಟಲಾ ಇಳಿಯೋದು ಎಲ್ಲಾ ಮರತುಬಿಡ್ರಿ," ಎಂದರು. ಅವರು ಬಾಕಿ ಏನೇನು ಹೇಳಿದರೋ, ನನ್ನ ಕಿವಿಗೆ ಬಿದ್ದದ್ದು ಅಷ್ಟೇ. ಗುಹೆಗೆ ಇಳಿಯುವುದಾದರೆ ಈ ವರ್ಷ ಇಳಿಯಬೇಕು, ಇಲ್ಲದಿದ್ದರೆ ಈ ಜನ್ಮದಲ್ಲಿ ಇಲ್ಲ.

ಅದೇ ಸಂಜೆ ಊಟದ ಮೇಜಿನ ಮೇಲೆ ನಕಾಶೆ ಹಾಸಿದೆ. ನನ್ನ ಮನಸ್ಸಿನಲ್ಲಿದ್ದದ್ದು ಛತ್ತೀಸಗಢದ ಬಸ್ತರ್. ಅಲ್ಲಿ ಕಾಂಗೇರ್ ಕಣಿವೆ ಎಂಬ ರಾಷ್ಟ್ರೀಯ ಉದ್ಯಾನವಿದೆ. ಗುಡ್ಡ, ಸಾಲ್ ಮರಗಳ ಕಾಡು, ಜಲಪಾತ, ಮತ್ತು ನೆಲದ ಹೊಟ್ಟೆಯಲ್ಲಿ ಸುಣ್ಣಕಲ್ಲಿನ ಗುಹೆ. ಮಳೆಗಾಲದಲ್ಲಿ ನೀರು ನುಗ್ಗುವುದರಿಂದ ಮುಚ್ಚಿರುತ್ತಾರೆ, ಚಳಿಗಾಲಕ್ಕೆ ತೆರೆಯುತ್ತಾರೆ. ಒಳಗಿನ ನೀರಿನಲ್ಲಿ ಕಣ್ಣಿಲ್ಲದ ಮೀನುಗಳಿವೆಯಂತೆ. ನಮ್ಮದು ಕ್ರಿಶ್ಚಿಯನ್ನರ ಶಾಲೆ, ಕ್ರಿಸ್‌ಮಸ್ಸಿಗೆ ಧಾರಾಳ ರಜೆ. ನನ್ನ ಗಂಡನಿಗೆ ತಾರಿಹಾಳದಲ್ಲಿ ಚಿಕ್ಕದೊಂದು ಲೇತ್ ಮಷೀನಿನ ವರ್ಕ್‌ಶಾಪು. ಜಗಳವೆಂದರೆ ಆಗದ ಮನುಷ್ಯ, ಯಾರು ಏನೇ ಹೇಳಿದರೂ "ಆತ ತಗೋ" ಎಂದು ಒಪ್ಪಿಬಿಡುವ ಪೈಕಿ. ನಾನು ಬಸ್ತರ್ ಎಂದಾಗಲೂ, "ಆತ ತಗೋ, ಗಾಡಿ ಸರ್ವಿಸ್ ಮಾಡಸ್ತೇನಿ," ಎಂದರು.

ಹೋಗಬೇಕಾದ ದೂರ ನನಗೆ ಚಿಂತೆಯಾಗಿರಲಿಲ್ಲ. ಚಿಂತೆಯಿದ್ದದ್ದು ದಾರಿಯಲ್ಲಿರುವ ನೆಂಟರದು.

ನಮ್ಮ ಅತ್ತೆಯ ಮನೆತನದಲ್ಲಿ ಒಂದು ಕಟ್ಟಳೆಯಿದೆ: ನೆಂಟರಿರುವ ಊರನ್ನು ಹಾಗೇ ಹಾದು ಹೋಗಬಾರದು. ಇಳಿಯಬೇಕು, ಕೈಕಾಲು ತೊಳೆಯಬೇಕು, ಏನಾದರೂ ಬಾಯಿಗೆ ಹಾಕಿಕೊಳ್ಳಬೇಕು. ಇಳಿಯದೆ ಹೋದರೆ ಆ ಮನೆ ನಮಗೆ ಬೇಡವಾಯಿತು ಎಂದು ಡಂಗುರ ಸಾರಿದಂತೆ. ಒಮ್ಮೆ ಬೆಳಗಾವಿಗೆ ಹೋಗುವಾಗ ಕಿತ್ತೂರಿನಲ್ಲಿ ಪೆಟ್ರೋಲು ಹಾಕಿಸಿಕೊಂಡು ಮುಂದೆ ಹೋಗಿದ್ದೆವು. ಬಂಕಿನಲ್ಲಿ ಅಲ್ಲಿಯ ಬೀಗರೊಬ್ಬರು ನಮ್ಮ ಗಾಡಿಯನ್ನು ನೋಡಿಬಿಟ್ಟರು. ಎರಡು ವರ್ಷ ಆ ಮನೆಯವರು ನಮ್ಮ ಯಾವ ಕಾರ್ಯಕ್ಕೂ ಬರಲಿಲ್ಲ. ಕಡೆಗೆ ಅತ್ತೆಯೇ ಹೋಗಿ, ಸೀರೆ ಕುಪ್ಪಸ ಕೊಟ್ಟು, ಸಮಾಧಾನ ಮಾಡಿ ಬಂದರು. ಈ ಮನೆತನದ ಹೆಣ್ಣುಮಕ್ಕಳನ್ನೋ, ಒಂದೂರು ಬಿಡದೆ ಕೊಟ್ಟಿದ್ದಾರೆ. ವಿಜಯಪುರದಲ್ಲಿ ಇದ್ದಾರೆ, ಬಾಗಲಕೋಟೆಯಲ್ಲಿ ಇದ್ದಾರೆ, ಕಲಬುರಗಿಯಲ್ಲಂತೂ ಒಂದು ಓಣಿಯೇ ಇದೆ. ಜನ ಘಾಟು, ಟೋಲು, ಹೋಟೆಲು ನೋಡಿ ದಾರಿ ಗುರುತು ಮಾಡಿದರೆ, ನಾನು ಪೆನ್ಸಿಲ್ ಹಿಡಿದು ನೆಂಟರಿಲ್ಲದ ಊರು ಹುಡುಕುತ್ತ ಕೂತೆ. ಕಡೆಗೆ ಕೊಪ್ಪಳ, ಸಿಂಧನೂರು, ರಾಯಚೂರು, ಹೈದರಾಬಾದು, ವರಂಗಲ್, ಭದ್ರಾಚಲಂ ಎಂದು ಒಂದು ಗೆರೆ ಸಿಕ್ಕಿತು. ಎಲ್ಲ ಸರಿ, ಮೊದಲನೇ ಊರೇ ಗದಗ. ಅಲ್ಲಿ ಅತ್ತೆಯ ಒಡಹುಟ್ಟಿದ ಅಕ್ಕ, ನನ್ನ ಗಂಡನ ದೊಡ್ಡವ್ವ.

"ಗದಗಕ್ಕ ಈಗ ಬೈಪಾಸ್ ಐತಿ," ಎಂದು ಗಂಡ ದನಿ ತಗ್ಗಿಸಿ ಹೇಳಿದರು. ಮಗ ಪರವೂರಿನಲ್ಲಿ ನೌಕರಿಯಲ್ಲಿದ್ದಾನೆ, ಅತ್ತೆ ಗುಡಿಗೆ ಹೋಗಿದ್ದರು. ಮನೆಯಲ್ಲಿ ಇನ್ಯಾರೂ ಇರಲಿಲ್ಲ, ಆದರೂ ದನಿ ತಗ್ಗಿತು.

ಅತ್ತೆ ನಮ್ಮ ಜೊತೆಗೇ ಇರುವವರು. ನಾವು ಹೋದಾಗ ಅವರು ಅಮ್ಮಿನಬಾವಿಯಲ್ಲಿ ಹೊಲ ಮಾಡಿಸುವ ನನ್ನ ಮೈದುನನ ಮನೆಗೆ ಹೋಗಲಿ ಎಂದು ನಾವಿಬ್ಬರು ಮಾತಾಡಿಕೊಂಡಿದ್ದೆವು. ಹೇಳದೆ ಬಿಡುವಂತಿರಲಿಲ್ಲ. ಪೂಜೆ ಮುಗಿಸಿ ವಿಭೂತಿ ಗಟ್ಟಿಯನ್ನು ಬಟ್ಟಲಿಗೆ ಇಡುತ್ತಿದ್ದವರಿಗೆ ಎಲ್ಲ ವಿವರಿಸಿದೆ. ಗುಹೆಯ ಮಾತು ಕೇಳಿ ನಕ್ಕರು.

"ಕತ್ತಲಿ ನೋಡಾಕ ಅಷ್ಟ ದೂರ ಯಾಕ ಹೋಗ್ತಿಯವಾ? ಕರೆಂಟ್ ಹೋದಾಗ ಇಲ್ಲೇ ಕಾಣ್ತೈತಲ್ಲ." ಆಮೇಲೆ ಕೇಳಿದರು, "ಗದಗ ದಾರ್ಯಾಗ ಬರ್ತೈತಿ ಹೌದಿಲ್ಲೊ?"

"ಈಗ ಬೈಪಾಸ್ ಆಗೇತ್ರಿ ಅತ್ತಿ."

"ರಸ್ತಾ ಬೈಪಾಸ್ ಆದ್ರ ನಮ್ಮ ಅಕ್ಕಾನೂ ಬೈಪಾಸ್ ಆದಳೇನು?"

ಅಲ್ಲಿಂದ ನನ್ನ ಪ್ರವಾಸ ನನ್ನ ಕೈತಪ್ಪಿತು. ಅತ್ತೆ ಗದಗಿಗೆ ಫೋನು ಮಾಡಿದರು. ದೊಡ್ಡವ್ವ ಮೊದಲ ರಾತ್ರಿ ತಮ್ಮ ಮನೆಯಲ್ಲೇ ವಸ್ತಿ ಎಂದರು. ಅಷ್ಟು ದೂರ ಹೋಗಿ ಶ್ರೀಶೈಲದ ಮಲ್ಲಯ್ಯನ ದರ್ಶನ ಮಾಡದೆ ಬಂದರೆ ಹೇಗೆ ಎಂದೂ ಅವರೇ ಅಂದರು. ಶ್ರೀಶೈಲವೆಂದಮೇಲೆ ತಾವೂ ಬರುತ್ತೇನೆಂದರು. ಅಕ್ಕ ಹೊರಟಮೇಲೆ ತಂಗಿಯನ್ನು ಬಿಡಲಾದೀತೇ? ಇಬ್ಬರು ಮುದುಕಿಯರನ್ನು ಒಂದೇ ಸಮ ಕೂಡಿಸಿ ಓಡಿಸಲಾಗದು, ಹೀಗಾಗಿ ರಾಯಚೂರಿನಲ್ಲಿ ಒಂದು ವಸ್ತಿ. ರಾಯಚೂರಿಗೆ ಅತ್ತೆಯ ಕಾಕಾನ ಮಗ ಈಗಷ್ಟೇ ವರ್ಗವಾಗಿ ಬಂದಿದ್ದು ನನಗೆ ಗೊತ್ತೇ ಇರಲಿಲ್ಲ, ಅವರಿಗೆ ಗೊತ್ತಿತ್ತು. ನನ್ನ ಪೆನ್ಸಿಲಿನ ಗೆರೆ ದಿನಕ್ಕೊಂದು ಕಡೆ ಬಾಗುತ್ತ ಹೋಯಿತು. ಶ್ರೀಶೈಲ ಮುಟ್ಟಿ, ಅಲ್ಲಿಂದ ತಿರುಗಿ, ಹುಬ್ಬಳ್ಳಿಗೆ ಬಂದು ನಿಂತಿತು. ಬಸ್ತರ್ ನಕಾಶೆಯ ಮೂಲೆಯಲ್ಲಿ ಉಳಿದುಹೋಯಿತು.

"ಮತ್ತ ಗವಿ?" ಎಂದು ಗಂಡನನ್ನು ಕೇಳಿದೆ.

"ಮುಂದಿನ ಸಲ ನೋಡಿದ್ರಾತ ತಗೋ."

"ಮುಂದಿನ ಸಲ ನನ್ನ ಮೊಣಕಾಲ ಇರಾಂಗಿಲ್ರಿ!" ನಾನು ಕೂಗಿದ್ದು ಅಡಿಗೆಮನೆಗೂ ಕೇಳಿತು. ಅಲ್ಲಿಂದ ಅತ್ತೆ, "ಮಲ್ಲಯ್ಯಗ ಹರಕಿ ಹೊರು, ತಾನ ಸರಿ ಆಗ್ತೈತಿ," ಎಂದರು. ವ್ಯಂಗ್ಯವಲ್ಲ, ಖರೇ ಪ್ರೀತಿಯಿಂದ ಹೇಳಿದ್ದು. ಅದೇ ನನ್ನ ಫಜೀತಿ. ಅವರು ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು! ಜಗಳ ತೆಗೆದು, ಚೀಲ ಹಿಡಿದು ಹೊರಟುಬಿಡುತ್ತಿದ್ದೆ. ನನ್ನ ಬಾಣಂತನದಲ್ಲಿ ನಲವತ್ತು ದಿನ ನನ್ನ ಕೈ ತಣ್ಣೀರಿಗೆ ಹೋಗಗೊಡದ ಹೆಂಗಸು. ಗದಗಿನ ದೊಡ್ಡವ್ವನಂತೂ ನನ್ನ ತಾಯಿ ತೀರಿದಾಗ ನನ್ನನ್ನು ಮಗ್ಗುಲಲ್ಲೇ ಮಲಗಿಸಿಕೊಂಡವರು. ಇಂಥವರ ಮೇಲೆ ಸಿಟ್ಟು ಮಾಡಿದರೆ ಅದು ಹೊರಗೆ ಹೋಗುವುದಿಲ್ಲ. ಆ ವಾರವೆಲ್ಲ ರೊಟ್ಟಿ ಬಡಿಯುವಾಗ ಹಂಚನ್ನೇ ಒಡೆಯಬೇಕೆನಿಸುತ್ತಿತ್ತು.

ಕಡೆಗೆ ಒಂದು ಸುಳ್ಳು ಹೂಡಿದೆ. ರಜೆಯಲ್ಲಿ ಶಾಲೆಯ ಕೆಲಸ ಬಿತ್ತು, ಪ್ರವಾಸ ರದ್ದಾಯಿತು ಎಂದು ಎಲ್ಲರಿಗೂ ಹೇಳಿದೆ. ಅತ್ತೆ ಮುಖ ಸಣ್ಣದು ಮಾಡಿಕೊಂಡರು. ಸೀತನಿ ತಿನ್ನುವ ಕಾಲ, ಹೊಲದಲ್ಲಿ ಎಳೆಜೋಳದ ತೆನೆ ಸುಡುತ್ತಾರೆಂದು ಹೇಳಿ ಅವರನ್ನು ಅಮ್ಮಿನಬಾವಿಗೆ ಕಳಿಸಿದ್ದಾಯಿತು. ಗದಗಿನಿಂದ ದೊಡ್ಡವ್ವನ ಫೋನು ಬಂತು. ಬೈಯುತ್ತಾರೆಂದುಕೊಂಡಿದ್ದೆ.

"ಹೋಗ್ಲಿ ಬಿಡವಾ, ನೌಕರಿ ಅಂದ್ರ ಹಂಗ. ದಾರಿಗೆ ಅಂತ ಖಡಕ್ ರೊಟ್ಟಿ ಬಡದಿಟ್ಟಿದ್ದೆ. ಕೆಡಾಂಗಿಲ್ಲ ಅವು, ನೀ ಯಾವಾಗ ಬಂದ್ರೂ ತಿನ್ನಾಕ ಬರ್ತಾವ."

ಆದರೂ ಹೊರಡುವುದೆಂದರೆ ಹೊರಡುವುದೇ ಎಂದು ಚೀಲ ತುಂಬಿದೆ.

ಮೂರು ದಿನ ಬಿಟ್ಟು, ಇನ್ನೂ ಬೆಳಕು ಹರಿಯುವ ಮೊದಲೇ ಗಾಡಿ ತೆಗೆದೆವು. ಎದುರು ಮನೆಯವರು ಏಳಬಾರದೆಂದು ಗಂಡ ಗೇಟಿನ ಚಿಲಕಕ್ಕೆ ಹಿಂದಿನ ದಿನವೇ ಎಣ್ಣೆ ಬಿಟ್ಟಿದ್ದರು. ಮಂಕಿ ಕ್ಯಾಪನ್ನು ಹುಬ್ಬಿನ ತನಕ ಎಳೆದುಕೊಂಡಿದ್ದರು. ನಾನು ಶಾಲನ್ನು ತಲೆತುಂಬ ಹೊದ್ದುಕೊಂಡಿದ್ದೆ. ಸ್ವಂತ ಗಾಡಿಯಲ್ಲಿ, ಸ್ವಂತ ಗಂಡನ ಜೊತೆ, ಓಡಿಹೋಗುವವರ ಹಾಗೆ ಹೊರಟಿದ್ದೆವು. ಅಣ್ಣಿಗೇರಿ ದಾಟಿದ ಮೇಲೆ ಬೆಳಗಾಯಿತು. ಎರಡೂ ಕಡೆ ಕಡಲೆ ಹೊಲ, ಮಂಜು, ದೂರದಲ್ಲಿ ಗಾಳಿಯಂತ್ರಗಳು. ಇದನ್ನೆಲ್ಲ ನೋಡಿ ಖುಷಿಪಡಬೇಕಾದವಳು ಎದುರಿಗೆ ಬರುವ ಒಂದೊಂದು ಗಾಡಿಯಲ್ಲೂ ನಮ್ಮವರ ಮುಖ ಹುಡುಕುತ್ತಿದ್ದೆ. ಒಂದು ಬಿಳಿ ಜೀಪು ಹಾದುಹೋದಾಗ ತಲೆ ತಗ್ಗಿಸಿ ಕಾಲ ಬಳಿ ಏನೋ ಬಿದ್ದವರಂತೆ ತಡಕಾಡಿದೆ.

"ಯಾರೂ ಅಲ್ಲ, ಏಳು," ಎಂದರು ಗಂಡ. ಹಾಗೆಂದವರು ತಮ್ಮ ಕ್ಯಾಪನ್ನು ಇನ್ನಷ್ಟು ಕೆಳಗೆ ಎಳೆದುಕೊಂಡರು.

ಗದಗಿನ ಹೊರಗೆ ರಸ್ತೆ ಕವಲಾಗುವಲ್ಲಿ ದೊಡ್ಡ ಹಸಿರು ಬೋರ್ಡಿದೆ. ಒಂದು ಬಾಣ ಕೊಪ್ಪಳಕ್ಕೆ, ಇನ್ನೊಂದು ಊರೊಳಕ್ಕೆ. ಗಂಡ ಗಾಡಿಯ ವೇಗ ತಗ್ಗಿಸಿ ನನ್ನ ಮುಖ ನೋಡಿದರು. ನನಗೆ ಬೇಕಾದದ್ದು ಕೊಪ್ಪಳದ ಬಾಣ. ಅದಕ್ಕಾಗಿ ಇಷ್ಟು ನಾಟಕ ಆಡಿದ್ದೆ. ಆದರೆ ಬಟ್ಟೆಯಲ್ಲಿ ಕಟ್ಟಿಟ್ಟ ರೊಟ್ಟಿಗಳು, ಬೈಯದೆ ಹೋದ ಆ ದನಿ, ಎರಡೂ ಒಟ್ಟಿಗೇ ನೆನಪಾದವು.

"ಒಳಗ ತಗೋರಿ," ಅಂದೆ. "ಹತ್ತ ನಿಮಿಷ ಚಾ ಕುಡದು, ಖರೇ ಹೇಳಿ, ಹೋಗಿಬಿಡೂಣು."

ದೊಡ್ಡವ್ವನ ಮನೆಗೆ ಕೀಲಿ ಹಾಕಿತ್ತು.

ನಾವು ಆ ಕೀಲಿಯನ್ನು ನೋಡುತ್ತ ನಿಂತಿರುವಾಗ ಎದುರು ಅಂಗಳದಲ್ಲಿ ನೀರು ಹೊಡೆಯುತ್ತಿದ್ದ ಹೆಂಗಸು ತಂಬಿಗೆ ಕೆಳಗಿಟ್ಟು ಬಂದಳು.

"ಹುಬ್ಬಳ್ಳಿಯವರಲ್ರಿ? ಅಯ್ಯ, ನಿಮ್ಮ ದೊಡ್ಡವ್ವ ಅಮ್ಮಿನಬಾವಿಗೆ ಹೋಗ್ಯಾಳಲ್ರಿ! ಶ್ರೀಶೈಲಕ್ಕ ಹೋಗೂದು ತಪ್ಪಿತಂತ ತಂಗಿ ಬ್ಯಾಸರ ಮಾಡ್ಕೊಂಡಾಳ, ಜೊತಿಗಿ ನಾಕ ದಿನ ಇದ್ದ ಬರ್ತೇನಿ ಅಂತ ನಿನ್ನೆನ ಹೋದಳು. ನಿಮಗ ಹೇಳಿಲ್ಲೇನು? ತಡೀರಿ, ಫೋನ್ ಹಚ್ಚತೇನಿ."

ಬೇಡ ಎನ್ನುವಷ್ಟರಲ್ಲಿ ಹಚ್ಚಿಯಾಗಿತ್ತು. ಬೈಪಾಸಿನಲ್ಲಿ ನೆಟ್ಟಗೆ ಹೋಗಿದ್ದರೆ ಯಾವ ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ. ಯಾರನ್ನು ತಪ್ಪಿಸಬೇಕೆಂದು ಹೊರಟಿದ್ದೆವೋ ಅವರು ಮನೆಯಲ್ಲೇ ಇರಲಿಲ್ಲ, ನಾವೇ ಬಂದು ಬಾಗಿಲ ಮುಂದೆ ನಿಂತಿದ್ದೆವು. ಫೋನು ನನ್ನ ಕೈಗೆ ಬಂತು. ಆ ಕಡೆ ಅತ್ತೆ.

"ಗದಗಿನ್ಯಾಗ ಅದೀರಿ?"

"ಹೂನ್ರಿ ಅತ್ತಿ."

"ಚೀಲಾ ತುಂಬಕೊಂಡ ಬಂದೀರಿ?"

"ಹೂನ್ರಿ."

ಅತ್ತೆ ಅಷ್ಟೇ ಸಮಾಧಾನದಿಂದ, "ಅಲ್ಲೇ ಇರ್ರಿ. ನಿನ್ನ ಮೈದುನಗ ಗಾಡಿ ತಗಿ ಅಂತೇನಿ. ನಾವಿಬ್ಬರೂ ಬರ್ತೇವಿ," ಎಂದು ಇಟ್ಟರು.

ಆ ಹೆಂಗಸು ನಮ್ಮನ್ನು ತನ್ನ ಕಟ್ಟೆಯ ಮೇಲೆ ಕೂಡಿಸಿ, ಚಹಾ ತಂದಿಟ್ಟು, ಉಪ್ಪಿಟ್ಟು ಮಾಡುತ್ತೇನೆಂದು ಒಳಗೆ ಹೋದಳು. ಬೀದಿಯಲ್ಲಿ ಹಾಲಿನವನು ಹೋದ, ಹೂವಿನವಳು ಹೋದಳು. ಚಹಾ ಮುಗಿಯಿತು. ಆಗ ನನ್ನ ಗಂಡ ಎದ್ದು ನಿಂತು, ಮಂಕಿ ಕ್ಯಾಪು ತೆಗೆದು, ಗಾಡಿಯ ಕೀಲಿಕೈ ಹಿಡಿದುಕೊಂಡರು. ಮದುವೆಯಾದಾಗಿನಿಂದ ಆ ಮುಖವನ್ನು ನಾನು ನೋಡಿರಲಿಲ್ಲ.

"ಅವ್ರು ಇಲ್ಲಿ ಮುಟ್ಟಾಕ ಇನ್ನೂ ಎರಡ ತಾಸ ಬೇಕು. ನಡಿ, ಹೋಗೂಣು. ಬಂದ ಮ್ಯಾಲ ಬೈಸಿಕೊಂಡ್ರಾತು, ಎರಡ ವರ್ಷ ಮಾತ ಬಿಟ್ರ ಬಿಡ್ಲಿ. ನಿನ್ನ ಗವಿ ನೋಡೂಣು ನಡಿ."

ಗಾಡಿ ಎದುರಿಗೇ ನಿಂತಿತ್ತು, ಮೂತಿ ಬೈಪಾಸಿನ ಕಡೆಗೇ ಇತ್ತು. ಒಳಗೆ ಒಗ್ಗರಣೆಯ ಸದ್ದು, ಯಾರೂ ನಮ್ಮನ್ನು ನೋಡುತ್ತಿರಲಿಲ್ಲ, ಯಾರೂ ನನ್ನ ಸೆರಗು ಹಿಡಿದಿರಲಿಲ್ಲ. ಏಳಬೇಕೆಂದು ಮೊಣಕಾಲಿನ ಮೇಲೆ ಕೈ ಊರಿದೆ. ಊರಿದ ಕೈ ಅಲ್ಲೇ ಉಳಿಯಿತು.

"ಅಲ್ಲೇ ಇರ್ರಿ ಅಂದಾರಲ್ರಿ," ಅಂದೆ. "ಬರ್ಲಿ, ತಡೀರಿ."

ಈ ಮಾತನ್ನು ಆಡಿದ್ದು ಅತ್ತೆಯಲ್ಲ, ದೊಡ್ಡವ್ವನಲ್ಲ. ನಾನೇ. ಗಂಡ ಕೀಲಿಕೈಯನ್ನು ಕಿಸೆಗೆ ಹಾಕಿಕೊಂಡರು. ಆಮೇಲೆ "ಆತ ತಗೋ" ಎಂದು ನನ್ನ ಮಗ್ಗುಲಲ್ಲಿ ಕೂತರು.