ಅಮ್ಮ ಹಾಲು ಬಿಟ್ಟಿದ್ದು

ಹನುಮಂತನಗರದ ನಮ್ಮ ಮನೆಯ ಹಿಂದೆ, ಕಾಂಪೌಂಡಿನ ಆಚೆ, ಒಂದು ಕೊಟ್ಟಿಗೆ ಇದೆ. ಸುತ್ತಲೂ ಅಪಾರ್ಟ್‌ಮೆಂಟುಗಳೆದ್ದರೂ ಹಾಲಿನಕ್ಕ ಅದನ್ನು ಬಿಟ್ಟುಕೊಟ್ಟಿಲ್ಲ. ಬೀದಿಯವರೆಲ್ಲ ಅವರನ್ನು ಕರೆಯುವುದೇ ಹಾಗೆ. ಅವರು ಮದುವೆಯಾಗಿ ಬಂದ ಹೊಸದರಲ್ಲಿ ಓದು ಬರಹ ಕಲಿಸಿದ್ದು ಶಾಲೆಯ ಟೀಚರ್ ಆಗಿದ್ದ ನನ್ನ ಅಮ್ಮ. ಅಂದಿನಿಂದ ಅವರಿಗೆ ನಮ್ಮ ಮನೆಯೇ ತವರು. ಅಮ್ಮನಿಗೋ, ಬೆಳಿಗ್ಗೆ ಕಾಂಪೌಂಡಿನ ಮೇಲಿಂದ ಬಗ್ಗಿ ಅವರ ಬಿಳಿ ಹಸುವಿಗೆ ಬಾಳೆಹಣ್ಣಿನ ಸಿಪ್ಪೆ ತಿನ್ನಿಸಿ, ಹಣೆ ಕೆರೆದು ಬಂದ ಮೇಲೇ ಕಾಫಿ.

ಕೆಲವು ವರ್ಷಗಳ ಹಿಂದೆ ಆ ಹಸು ಈಯಿತು. ಹಾಲಿನಕ್ಕ ಎಂದಿನಂತೆ ಗಿಣ್ಣು ತಂದುಕೊಟ್ಟರು. ಈದ ಹಸುವಿನ ಮೊದಮೊದಲ ಗಟ್ಟಿ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ ಗಿಣ್ಣೆಂದರೆ ಅಮ್ಮನಿಗೆ ಪ್ರಾಣ. ಗಂಡು ಕರು. ಅಮ್ಮ ಹೋಗಿ ನೋಡಿಕೊಂಡು ಬಂದು, ಕಿವಿ ಎಳೇ ವೀಳ್ಯದೆಲೆ ಹಾಗಿದೆ ಅಂತ ದಿನವಿಡೀ ಹೇಳಿದಳು.

ಸ್ವಲ್ಪ ದಿನಕ್ಕೆ ಒಂದು ಗೂಡ್ಸ್ ಆಟೋ ಬಂತು. ಕರುವಿನ ಕಾಲು ಕಟ್ಟಿ ಹತ್ತಿಸಿದರು. ಹೂ ಕೀಳುತ್ತಿದ್ದ ಅಮ್ಮ ಎಲ್ಲಿಗೆ ಅಂತ ಕೇಳಿದಳು. ಹಳ್ಳಿ ಕಡೆಯವರು ಯಾರೋ ಸಾಕಿಕೊಳ್ಳುತ್ತಾರೆ ಎಂದರು ಹಾಲಿನಕ್ಕ, ಮುಖ ನೋಡದೆ. ಯಾವ ಹಳ್ಳಿ ಎಂದು ಕೇಳುವಷ್ಟರಲ್ಲಿ ಕೊಟ್ಟಿಗೆಯೊಳಗೆ ಹೋಗಿಬಿಟ್ಟರು.

ಅವತ್ತಿನಿಂದ ಹಸು ಕೂಗಲು ಶುರುಮಾಡಿತು. ಅಮ್ಮ ಅಡುಗೆಮನೆಯ ಕಿಟಕಿ ಮುಚ್ಚಿದಳು, ಮತ್ತೆ ತೆರೆದಳು. ಸಿಪ್ಪೆ ಹಿಡಿದು ಹೋದರೆ ಹಸು ಮುಟ್ಟಲಿಲ್ಲ. ಅವಳ ಕೈಯನ್ನು, ಸೆರಗನ್ನು ಮೂಸಿ ಮೂಸಿ ನೋಡಿತು. ವಾಪಸು ಬಂದವಳು ಕಾಫಿಯ ಲೋಟವನ್ನು ನನ್ನ ಕಡೆ ಸರಿಸಿದಳು.

ಹೊಟ್ಟೆ ಸರಿಯಿಲ್ಲವೇನೋ ಅಂದುಕೊಂಡೆ. ಮೊಸರು, ತುಪ್ಪವೂ ಹೋದವು. ಎಂಬತ್ತರ ಹತ್ತಿರದ ಹೆಂಗಸು ಮಜ್ಜಿಗೆಯಿಲ್ಲದೆ ಬರೀ ಸಾರನ್ನದಲ್ಲಿ ಊಟ ಮುಗಿಸಿ ಏಳುವುದನ್ನು ನೋಡಲಾಗದೆ ತಮ್ಮ ರೇಗಿದ. ಹಸು ದೇವರು, ಅದರ ಹಾಲು ಪ್ರಸಾದ, ತಲೆತಲಾಂತರದಿಂದ ಕುಡಿದವರೆಲ್ಲ ಪಾಪಿಗಳೇ ಎಂದು ಕೇಳಿದ. ಅಮ್ಮ ವಾದ ಮಾಡುವವಳಲ್ಲ.

"ಆ ಮಗೂಗೆ ಅಂತ ಇಳಿದ ಹಾಲು ಕಣೋ ಅದು. ಮಗೂನ ಕಳಿಸ್ಬಿಟ್ಟು ನಾವು ಕುಡೀತಿದೀವಿ. ನನಗೆ ಗಂಟಲಲ್ಲಿ ಇಳಿಯಲ್ಲ" ಎಂದಳು.

ವಿಷಯ ತಿಳಿದು ಹಾಲಿನಕ್ಕ ಬಂದರು. ಕೂರಲಿಲ್ಲ. "ನಾನೇನ್ ಮಾಡ್ಲಿ ಅಮ್ಮಾ? ಗಂಡು ಕರುನ ಈ ಬೀದೀಲಿ ಎಲ್ಲಿ ಕಟ್ಲಿ? ಏನ್ ಹಾಕಿ ಸಾಕ್ಲಿ? ಇಷ್ಟು ವರ್ಷ ನೀವೂ ಕುಡಿದ್ರಲ್ಲ, ಹಿಂದಿನ ಕರುಗಳೆಲ್ಲ ಎಲ್ಲಿ ಹೋದ್ವು ಅಂತ ಕೇಳಿದ್ರಾ?"

"ಕೇಳ್ಲಿಲ್ಲ. ಅದಕ್ಕೇ ಹೇಳ್ತಿದೀನಿ, ತಪ್ಪು ನಿಂದಲ್ಲ ಕಣಮ್ಮ. ಕುಡಿದವಳದು."

ಸಮಾಧಾನವಾಗಲಿ ಅಂತಲೇ ಅಮ್ಮ ಅಂದದ್ದು. ಹಾಲಿನಕ್ಕನಿಗೆ ಅದರಲ್ಲಿ ತಪ್ಪು ಎಂಬ ಮಾತೊಂದೇ ಕೇಳಿಸಿತು. ಸೆರಗು ಬಾಯಿಗೆ ಒತ್ತಿಕೊಂಡು ಹೊರಟುಹೋದರು. ಮಾರನೆಯ ದಿನ ಕಾಂಪೌಂಡಿನ ಉದ್ದಕ್ಕೂ ನೀಲಿ ಟಾರ್ಪಾಲು ಕಟ್ಟಿದ್ದರು. ಅಮ್ಮ ಆಚೆಯ ಗೊರಸಿನ ಸದ್ದು ಕೇಳುತ್ತ ಸ್ವಲ್ಪ ಹೊತ್ತು ನಿಂತಿದ್ದು, ಸಿಪ್ಪೆಯನ್ನು ಗಿಡದ ಬುಡಕ್ಕೆ ಹಾಕಿದಳು. ಹಾಲು ತೆಗೆದುಕೊಂಡು ಯಾರಿಗಾದರೂ ಕೊಟ್ಟುಬಿಡೋಣ, ಸ್ನೇಹವಾದರೂ ಉಳಿಯಲಿ ಎಂದೆ. ಅದು ಹಾಲಿನಕ್ಕನಿಗೆ ಮೋಸ ಮಾಡಿದ ಹಾಗಾಗುತ್ತೆ ಎಂದಳು ಅಮ್ಮ.

ಕಳೆದ ಚಳಿಗಾಲದಲ್ಲಿ ಅಮ್ಮನ ಹೃದಯ ಸೋಲತೊಡಗಿತು, ಹಾಸಿಗೆ ಹಿಡಿದಳು. ವಯಸ್ಸಿನದೇ ಕಾರಣ ಎಂದು ಡಾಕ್ಟರು ಹೇಳಿದರೂ ಹಾಲು ಮೊಸರು ಬಿಟ್ಟದ್ದಕ್ಕೇ ಹೀಗಾಯಿತು ಎಂದ ತಮ್ಮ. ನಾನೇ ಹೋಗಿ ಹಾಲಿನಕ್ಕನನ್ನು ಕರೆದೆ. ಬರ್ತೀನಿ ಅಂದವರು ಬರಲಿಲ್ಲ. ಗೇಟು ಸದ್ದಾದಾಗೆಲ್ಲ ಅಮ್ಮ ಬಾಗಿಲ ಕಡೆ ಕತ್ತು ತಿರುಗಿಸುತ್ತಿದ್ದಳು. ನಾನು ಹೋದ ಮೇಲೆ ಮೂರನೇ ದಿನ ಮಣ್ಣಿಗೆ ಹಾಲು-ತುಪ್ಪ ಬಿಡಬೇಡಿ, ನೀರು ಸಾಕು ಎಂದು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದಳು.

ಹಾಲಿನಕ್ಕ ಬಂದದ್ದು ಅಮ್ಮ ತೀರಿಕೊಂಡು, ಅವಳನ್ನು ನಡುಮನೆಯಲ್ಲಿ ಮಲಗಿಸಿದ ಮೇಲೆ. ವ್ಯಾನು ಬರುವವರೆಗೂ ಪಾದ ಹಿಡಿದುಕೊಂಡು ಕೂತಿದ್ದರು. ಅಮ್ಮನ ಕೊನೆಯ ಮಾತು ಏನಿತ್ತು ಎಂದು ಕೇಳಿದರು. ಹೇಳಿದೆ.

ಮೂರನೇ ದಿನ ಹಿರಿಯರು ಪದ್ಧತಿ ಬಿಡಬಾರದು ಎಂದು ಪಟ್ಟುಹಿಡಿದರು. ತಮ್ಮ ಚೊಂಬು ಹಿಡಿದು ಕೊಟ್ಟಿಗೆಗೆ ಹೋದ.

"ಬೀದಿಗೆಲ್ಲ ಕೊಡ್ತೀನಿ ಕಣಪ್ಪ, ಅಮ್ಮಂಗೆ ಕೊಡಲ್ಲ. ಅವರು ಬೇಡ ಅಂದಿದಾರೆ" ಎಂದರಂತೆ ಹಾಲಿನಕ್ಕ.

ಅವನು ಮೂಲೆಯಂಗಡಿಯಲ್ಲಿ ಪ್ಯಾಕೆಟ್ ಹಾಲು ಕೊಂಡ. ಚಾಮರಾಜಪೇಟೆಯ ರುದ್ರಭೂಮಿಯಲ್ಲಿ ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹರಿದು, ಹಸಿ ಮಣ್ಣಿನ ಮೇಲೆ ಸುರಿದ. ಅಮ್ಮನಿಗೆ ಏನಾದರೂ ಕೊಡಲೇಬೇಕಿತ್ತು ಅವನಿಗೆ. ನಾನು ಅವನ ಹಿಂದೆಯೇ ನೀರು ಬಿಟ್ಟೆ. ಬಿಳಿ ಬೇಗ ಹೋಗಲಿಲ್ಲ.

ನಾನೂ ಹಾಲು ಬಿಟ್ಟಿದ್ದೇನೆ. ತಮ್ಮನ ಮನೆಗೆ ಹೋದರೆ ಅವನ ಹೆಂಡತಿ ಕೇಳದೆಯೇ ಬರೀ ಡಿಕಾಕ್ಷನ್ ಕೊಡುತ್ತಾಳೆ. ಅವನು ಆ ಲೋಟದ ಕಡೆ ನೋಡುವುದಿಲ್ಲ.

ಆ ಹಸು ಈಗ ಮತ್ತೆ ಗಬ್ಬ. ಈ ಸಲ ಹೆಣ್ಣಾಗಲಿ ಅಂತ ಹರಕೆ ಹೊತ್ತಿದ್ದೇನೆ ಎಂದರು ಹಾಲಿನಕ್ಕ, ಮೊನ್ನೆ ಗೇಟಿನ ಹತ್ತಿರ ಸಿಕ್ಕಾಗ. ಹೆಣ್ಣಾದರೆ ಅದೂ ಒಂದು ದಿನ ಈಯುತ್ತದೆ. ಅವರ ಕೈ ಹಿಡಿದುಕೊಂಡು ನಿಂತಿದ್ದೆ.