ತಂಬ್ರಹಳ್ಳಿಯ ಓರೆ ಬಾಚಿ

1998ರ ಮೇ ತಿಂಗಳು. ನಾನಾಗ ಹಗರಿಬೊಮ್ಮನಹಳ್ಳಿಯ ಐಟಿಐ ಒಂದರಲ್ಲಿ ಬಡಗಿ ವಿಭಾಗದ ಇನ್‌ಸ್ಟ್ರಕ್ಟರ್. ಹಳೆಯ ಕೈ ಉಪಕರಣ ಕೂಡಿಸುವುದು, ಒಂದರ ಪಕ್ಕ ಇನ್ನೊಂದಿಟ್ಟು ಹೋಲಿಸುವುದು ನನ್ನ ಹುಚ್ಚು. ಭಾನುವಾರ ಬಂತೆಂದರೆ ಕಾಲು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಹರಪನಹಳ್ಳಿಯ ಉಳಿ, ಹಡಗಲಿಯ ಗರಗಸ, ಕೂಡ್ಲಿಗಿಯ ಬೈರಿಗೆ, ಎಲ್ಲದರ ಉದ್ದ, ತೂಕ, ಬಾಯಿಯ ಕೋನ ನನ್ನ ರಿಜಿಸ್ಟರಿನಲ್ಲಿದ್ದವು. "ಇನ್ನೊಂದು ಕಬ್ಬಿಣ ಮನಿಗೆ ತಂದ್ರಿ ಅಂದ್ರ ನಾ ತವರಿಗೆ ಹೊಂಟೆ ನೋಡ್ರಿ" ಎನ್ನುತ್ತಿದ್ದಳು ನನ್ನಾಕೆ.

ತಂಬ್ರಹಳ್ಳಿಯ ಬಡಗಿ ಮೌನೇಶಪ್ಪನ ಬಳಿ ಅವನಪ್ಪನ ಕಾಲದ ಬಾಚಿಯೊಂದಿತ್ತು. ಬಾಚಿ ಎಂದರೆ ಮರ ಕೆತ್ತುವ, ಬಾಯಿ ಅಡ್ಡಕ್ಕಿರುವ ಸಣ್ಣ ಕೊಡಲಿಯಂಥದು. ಮಾರಲೊಲ್ಲೆ ಎಂದ. ಬಹಳ ಕಾಡಿದ ಮೇಲೆ ಅಳತೆ ತೆಗೆದುಕೊಳ್ಳಲೆಂದು ಕೊಟ್ಟ.

"ಮಾಸ್ತರ, ಮಳಿ ಬಿತ್ತಂದ್ರ ಊರಾಗಿನ ಬಿತ್ತೋ ಕೂರಿಗಿ ಎಲ್ಲಾ ರಿಪೇರಿಗೆ ನನ್ನ ಬಾಗಿಲಿಗೆ ಬರ್ತಾವು. ಇದಿಲ್ಲಂದ್ರ ನನ್ನ ಕೈ ಮುರಿದಂಗ. ಎಂಟು ದಿನ ಅಂದ್ರ ಎಂಟೇ ದಿನ."

ಹೋಲಿಸಿ ನೋಡಿದೆ. ನನ್ನ ಹನ್ನೊಂದು ಬಾಚಿಗಳ ಬಾಯಿ ನೇರ, ಇದೊಂದರದು ಪಕ್ಕಕ್ಕೆ ನಾಲ್ಕು ಮಿಲಿಮೀಟರ್ ಓರೆ. ಸವೆದು ಕೆಟ್ಟಿದೆ ಎಂದುಕೊಂಡೆ. ಪಾಪ, ಮುದುಕನಿಗೊಂದು ಉಪಕಾರವಾಗಲಿ ಎಂದು ವರ್ಕ್‌ಶಾಪಿನ ಗ್ರೈಂಡಿಂಗ್ ಯಂತ್ರಕ್ಕೆ ಹಿಡಿದು ನೇರ ಮಾಡಿದೆ. ಅವಸರದಲ್ಲಿ ನೀರಿಗೆ ಅದ್ದುವುದನ್ನೇ ಮರೆತೆ. ಅಂಚು ನೀಲಿಗೆ ತಿರುಗಿತು. ನೀಲಿಯಾಯಿತೆಂದರೆ ಉಕ್ಕಿನ ಹದ ಹೋಯಿತು, ಮರಕ್ಕೆ ಬಿದ್ದರೆ ಮಡಚಿಕೊಳ್ಳುತ್ತದೆ. ವರ್ಷಾ ವರ್ಷ ತರಗತಿಯಲ್ಲಿ ನಾನೇ ಮಾಡುತ್ತಿದ್ದ ಪಾಠ!

ಅಂದು ಆರನೆಯ ದಿನ. ಮೋಡ ಕಂಡರೆ ಹೆದರಿಕೆ. ಮರುದಿನ ರಜೆ ಹಾಕಿ ಕೊಟ್ಟೂರಿನ ಬಸ್ಸು ಹತ್ತಿದೆ. ಅಲ್ಲಿನ ಕಂಬಾರ ಈರಣ್ಣ ಬಾಚಿಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಹದಾನೂ ಕೂಡಿಸ್ಬೋದು, ಬಾಯೀನೂ ಬಡಿದು ತಿದ್ದಬೋದು. ಇದನ್ನ ಹಿಡಿಯಾಂವ ಎಡಚನೋ, ಬಲಗೈಯಾಂವನೋ?"

ರಿಜಿಸ್ಟರ್ ತೆರೆದೆ. ಹದಿನಾಲ್ಕು ಅಳತೆಗಳಿದ್ದವು, ಅದೊಂದಿರಲಿಲ್ಲ.

"ಏನ್ ಮಾಸ್ತರ್ರಿ ನೀವು! ಕೈ ನೋಡಲಾರದ ಬಾಚಿ ತಿಕ್ಕೀರಿ?" ಎಂದು ನಕ್ಕ. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಎಂಟನೆಯ ದಿನ ಆ ಕೆಟ್ಟ ಬಾಚಿಯನ್ನೇ ಹಿಡಿದು ತಂಬ್ರಹಳ್ಳಿಗೆ ಹೋದಾಗ ಮಳೆ ಹನಿದು ಬಿಟ್ಟಿತ್ತು. ಮೌನೇಶಪ್ಪನ ಅಂಗಳದಲ್ಲಿ ಆಗಲೇ ಮೂರು ಕೂರಿಗೆ. ಅವನು ಯಾರದೋ ಬಾಚಿ ಎರವಲು ತಂದು ಕೆತ್ತುತ್ತಿದ್ದ, ಎಡಗೈಯಲ್ಲಿ. ಏಟು ಏಟಿಗೂ ಬಾಯಿ ಜಾರುತ್ತಿತ್ತು. ಆ ಓರೆ ಸವೆತವಾಗಿರಲಿಲ್ಲ; ಮಗನ ಎಡಗೈಗೆಂದೇ ಅಪ್ಪ ತಿದ್ದಿಸಿದ್ದು. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಎಲ್ಲ ಒಪ್ಪಿಕೊಂಡೆ.

ಅವನು ಅಂಚಿನ ಮೇಲೆ ಹೆಬ್ಬೆರಳಾಡಿಸಿದ. ಒಂದೇ ಮಾತು ಕೇಳಿದ: "ನೀವು ಬಡಿಗಿತನ ಕಲಸ್ತೀರಂತಲ್ರಿ?"

ಇಬ್ಬರೂ ಕೂಡಿಯೇ ಕೊಟ್ಟೂರಿಗೆ ಹೋದೆವು. ಈರಣ್ಣ ಕಾಯಿಸಿ ಬಡಿದ, ಮೌನೇಶಪ್ಪ ಜಾಲಿ ತುಂಡಿನ ಮೇಲೆ ಕೆತ್ತಿ ನೋಡಿದ. ಮೂರನೆಯ ಸಲಕ್ಕೆ ತಲೆಯಾಡಿಸಿದ.

ಅಂದಿನಿಂದ ನನ್ನ ರಿಜಿಸ್ಟರಿನ ಮೊದಲ ಕಾಲಂ ಉದ್ದವಲ್ಲ, ತೂಕವೂ ಅಲ್ಲ: ಯಾರ ಕೈ, ಯಾವ ಕೈ. ಹಿಡಿದವನನ್ನು ನೋಡದೆ ಹಿಡಿದದ್ದನ್ನು ಅಳೆಯಬಾರದೆಂದು ವೃತ್ತಿ ನನಗೆ ಕಲಿಸಿದ್ದು ಹೀಗೆ, ತಡವಾಗಿ.

2006ರಲ್ಲಿ ಮೌನೇಶಪ್ಪ ತೀರಿಕೊಂಡ. ತಿಂಗಳೊಳಗೆ ಅವನ ಮಗಳು ಬಟ್ಟೆಯಲ್ಲಿ ಸುತ್ತಿದ ಬಾಚಿ ಹಿಡಿದು ನಮ್ಮ ಬಾಗಿಲಿಗೆ ಬಂದಳು.

"ಅಪ್ಪ ನಿಮಗೇ ಕೊಡು ಅಂದಿದ್ದ ನೋಡ್ರಿ. ತಿಕ್ಕಬ್ಯಾಡ್ರಿ ಅಂತ ಹೇಳಿ ಕೊಡು ಅಂದಾನ."